ಅಣ್ಣ ತಂದ ಕೆಲಸ

ಕಳೆದ ವಾರ ಕೋರ್ಟಿನ ವಾಯಿದೆಗೆಂದು ಮಳವಳ್ಳಿಗೆ ಹೋಗಿದ್ದೆ. ಹನ್ನೆರಡು ಗಂಟೆಗೆ ಮುಂಚೆಯೇ ಮುಂದಿನ ತಾರೀಕು ಕೊಟ್ಟು ಕಳಿಸಿದರು. ಬಸ್ ಸ್ಟ್ಯಾಂಡಿಗೆ ನಡೆದು ಬರುವಾಗ ಮಳೆ ಹಿಡಿದುಕೊಂಡಿತು. ಛತ್ರಿ ತಂದಿರಲಿಲ್ಲ. ಓಡಿ ಹೋಗಿ ಒಂದು ಅಂಗಡಿಯ ತಗಡಿನ ಕೆಳಗೆ ನಿಂತೆ. ನಿಂತ ಮೇಲೆ ಗೊತ್ತಾಯಿತು, ಅದು ಪಂಪ್‌ಸೆಟ್ ರಿಪೇರಿ ಅಂಗಡಿ, ಒಳಗೆ ಲೇತು ಓಡುತ್ತಿದೆ. ಬಿಸಿ ಕಬ್ಬಿಣದ ಮೇಲೆ ಎಣ್ಣೆ ಬಿದ್ದು ಏಳುವ ಹೊಗೆಯ ವಾಸನೆ. ಅದರ ಜೊತೆಗೆ ಮಳೆಯ ಮಣ್ಣಿನ ವಾಸನೆ. ಎಣ್ಣೆಯ ವಾಸನೆ ನನಗೆ ಹೊಸದಲ್ಲ. ಇಪ್ಪತ್ತು ವರ್ಷ ನನ್ನ ಬಟ್ಟೆಯಿಂದ, ಕೂದಲಿನಿಂದ, ತಲೆದಿಂಬಿನಿಂದ ಅದೇ ವಾಸನೆ ಬರುತ್ತಿತ್ತು. ಆದರೆ ಎರಡೂ ಒಟ್ಟಿಗೆ ಮೂಗಿಗೆ ಬಡಿದರೆ ಒಂದೇ ಒಂದು ಮಳೆಗಾಲ ಎದುರಿಗೆ ಬಂದು ನಿಲ್ಲುತ್ತದೆ. ಮಳೆ ಬಿಡುವ ತನಕ ಅಲ್ಲಿ ನಿಲ್ಲಲಾಗಲಿಲ್ಲ. ನೆನೆದುಕೊಂಡೇ ಹೋಗಿ ಮದ್ದೂರಿನ ಬಸ್ಸು ಹತ್ತಿದೆ.

ಅದು ನಾಲ್ಕು ವರ್ಷದ ಹಿಂದಿನ ಮಳೆಗಾಲ.

ನಾನು ಟರ್ನರ್. ಅಂದರೆ ಲೇತಿನಲ್ಲಿ ಕಬ್ಬಿಣವನ್ನು ತಿರುಗಿಸಿ, ಕೊರೆದು, ಬೇಕಾದ ಅಳತೆಗೆ ತರುವವಳು. ಮಂಡ್ಯದ ಐ.ಟಿ.ಐ.ಗೆ ಸೇರಿದ ವರ್ಷ ಆ ವಿಭಾಗದಲ್ಲಿ ಹುಡುಗಿ ಅಂತ ಇದ್ದವಳು ನಾನೊಬ್ಬಳೇ. ನನ್ನ ತವರು ಪೂರಿಗಾಲಿ ದಾಟಿ ಹೋಗುವ ಒಂದು ಸಣ್ಣ ಊರು. ಊರಿನ ಮುಂದೆ ಕಾಲುವೆ, ಗದ್ದೆ. ಹಿಂದೆ ಕುರುಚಲು ಬೆಳೆದ ಗುಡ್ಡ. ಅಪ್ಪ ಬೇಗ ತೀರಿಕೊಂಡಿದ್ದರಿಂದ ಮನೆಯ ಯಜಮಾನಿಕೆ ನನಗಿಂತ ಒಂಬತ್ತು ವರ್ಷ ದೊಡ್ಡವನಾದ ಅಣ್ಣ ಮರಿಸ್ವಾಮಿಯ ಹೆಗಲಿಗೆ ಬಿದ್ದಿತ್ತು. ನಾನು ಟರ್ನರ್ ಸೀಟು ತೆಗೆದುಕೊಂಡಿದ್ದೇನೆ ಅಂತ ಗೊತ್ತಾದ ದಿನ ಅವನು ಅವ್ವನ ಮೇಲೆ ಹಾರಾಡಿದ.

"ಎಣ್ಣೈಕ್ಳು ಕಬ್ಬಿಣ ಕುಯ್ಯಾಕೆ ಓಯ್ತವಾ? ಊರೋರ್ ಮುಂದೆ ನಾನ್ ತಲೆ ಎತ್ಕಂಡ್ ತಿರ್ಗಬ್ಯಾಡ್ವಾ?"

ಅವ್ವ ಜಗ್ಗಲಿಲ್ಲ. ನಾನು ಓದಿದ ಎರಡು ವರ್ಷವೂ ಅಣ್ಣ ನನ್ನ ಜೊತೆ ಮುಖ ಕೊಟ್ಟು ಮಾತಾಡಲಿಲ್ಲ. ಆಮೇಲೆ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು, ಮದುವೆಯಾಗಿ ಮದ್ದೂರಿಗೆ ಬಂದೆ. ಗಂಡ ಶಂಕರ ಬಸ್ ಕಂಡಕ್ಟರ್. ಕಾರ್ಖಾನೆ ಮುಚ್ಚಿದಾಗ ಮಂಡ್ಯದಲ್ಲಿ ಒಂದು ಹಳೆಯ ಲೇತು ಮಾರಾಟಕ್ಕಿದೆ ಅಂತ ಗೊತ್ತಾಗಿ, ಅದನ್ನು ತಂದು ಮನೆಯ ಹಿಂದಿನ ಸೌದೆ ಕೊಟ್ಟಿಗೆಯಲ್ಲಿ ಕೂರಿಸಿದೆವು. ಚಿಕ್ಕ ಯಂತ್ರ, ಒಂದು ಮಂಚಕ್ಕಿಂತ ಗಿಡ್ಡ. ಕೂರಿಸಿಕೊಟ್ಟವರು ಪೇಟೆಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿದ್ದ ನೂರ್ ಸಾಬರು. ಅರವತ್ತು ದಾಟಿದವರು. ಮೊದಲ ದಿನ ನನ್ನ ಕೆಲಸವನ್ನು ಬಾಗಿಲಲ್ಲಿ ನಿಂತು ಸುಮ್ಮನೆ ನೋಡಿದರು. ಕೊನೆಗೆ ಬಂದು ಪೀಸನ್ನು ಬೆರಳಲ್ಲಿ ಉಜ್ಜಿ, "ಕೈ ಚೆನ್ನಾಗದೆ ಬೇಟಿ," ಅಂದರು. ಆಮೇಲೆ ತಮ್ಮ ಅಂಗಡಿಗೆ ಬರುವ ಲೇತಿನ ಕೆಲಸವನ್ನೆಲ್ಲ ನನ್ನ ಹತ್ತಿರಕ್ಕೆ ಕಳಿಸತೊಡಗಿದರು.

ನನ್ನ ದಿನ ಹೀಗಿರುತ್ತಿತ್ತು. ಅಡಿಗೆ ಮುಗಿಸಿ, ಬಳೆ ಬಿಚ್ಚಿಟ್ಟು, ಕೂದಲನ್ನು ಬಟ್ಟೆಯಲ್ಲಿ ಬಿಗಿದು, ಗಂಡನ ಹಳೆಯ ಅಂಗಿಯ ತೋಳು ಮೊಣಕೈವರೆಗೆ ಮಡಚಿ ಕೊಟ್ಟಿಗೆಗೆ ಇಳಿಯುವುದು. ತಿರುಗುವ ಯಂತ್ರದ ಹತ್ತಿರ ಜೋತಾಡುವ ಯಾವುದೂ ಇರಬಾರದು. ಅದು ದಾರದ ಎಳೆಯನ್ನು ಹಿಡಿದರೂ ಸಾಕು, ಮನುಷ್ಯನನ್ನೇ ಎಳೆದುಕೊಳ್ಳುತ್ತದೆ. ಸ್ವಿಚ್ ಒತ್ತಿದರೆ ಮೊದಲು ಮೋಟಾರು ಗೊಣಗುತ್ತದೆ, ಆಮೇಲೆ ಕಬ್ಬಿಣವನ್ನು ಕಚ್ಚಿ ಹಿಡಿದ ಚಕ್ಕು ತಿರುಗಿ ತಿರುಗಿ ಒಂದೇ ಬೆಳ್ಳಿಯ ಬಣ್ಣವಾಗುತ್ತದೆ. ಟೂಲು ತಾಗಿದ ಕೂಡಲೇ ಕಬ್ಬಿಣ ನೀಲಿ ಸುರುಳಿಯಾಗಿ ಬಿಚ್ಚಿಕೊಂಡು ಬೀಳುತ್ತದೆ. ಟೂಲು ಸರಿಯಾಗಿ ಕುಯ್ಯುತ್ತಿದೆಯೋ ಇಲ್ಲವೋ ಎನ್ನುವುದು ನನಗೆ ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತಿತ್ತು. ಹೆಚ್ಚಿನದು ಪಂಪಿನ ಕೆಲಸ. ಪಂಪಿನ ಬುಷ್ಷಿಗೆ ಹಾಕುವ ಹಳದಿ ಲೋಹಕ್ಕೆ ಗನ್ ಮೆಟಲ್ ಅಂತ ಹೆಸರು. ದಿನಕ್ಕೆ ಹತ್ತು ಸಲ ಆ ಮಾತು ಆಡುತ್ತಿದ್ದೆ. ಅದರೊಳಗೆ ಇರುವ ಪದ ಯಾವುದು ಅಂತ ಒಂದು ದಿನವೂ ಯೋಚಿಸಿರಲಿಲ್ಲ.

ಆ ಮಳೆಗಾಲದ ಹಿಂದಿನ ಸುಗ್ಗಿಯಲ್ಲಿ ತವರಲ್ಲಿ ಒಂದು ಘಟನೆ ನಡೆದಿತ್ತು. ಅತ್ತಿಗೆ ಜಯಮ್ಮ ಕಬ್ಬಿನ ಗದ್ದೆಯ ಬದುವಿನಲ್ಲಿ ಹುಲ್ಲು ಕುಯ್ಯುತ್ತಿದ್ದಾಗ ಒಳಗಿನಿಂದ ಕಾಡುಹಂದಿ ನುಗ್ಗಿ ಬಂದು ತೊಡೆ ಸೀಳಿತು. ಅಣ್ಣ ಅವಳನ್ನು ಹೆಗಲ ಮೇಲೆ ಹಾಕಿಕೊಂಡು ರಸ್ತೆಯವರೆಗೆ ಓಡಿದನಂತೆ. ಜೀವ ಉಳಿಯಿತು. ಆದರೆ ಆ ಕಾಲು ಮತ್ತೆ ಸರಿಯಾಗಿ ಮಡಚಲಿಲ್ಲ. ಅತ್ತಿಗೆ ಗದ್ದೆಯ ಕಡೆ ತಲೆ ಹಾಕುವುದನ್ನೇ ಬಿಟ್ಟಳು. ಹಿತ್ತಲಲ್ಲಿ ನಾಯಿ ಓಡಿದರೂ ಕೂತಲ್ಲೇ ಬೆಚ್ಚಿ ಗೋಡೆ ಹಿಡಿದುಕೊಳ್ಳುತ್ತಿದ್ದಳು. ಅಣ್ಣ ಬೇಲಿ ಕಟ್ಟಿದ, ಹಳೆ ಸೀರೆ ಕಟ್ಟಿದ, ಪಟಾಕಿ ಸಿಡಿಸಿದ. ಹಂದಿಗಳು ನಾಲ್ಕು ದಿನ ಸುಮ್ಮನಿದ್ದು ಐದನೆಯ ದಿನ ಬರುತ್ತಿದ್ದವು.

ಆಷಾಢದ ಒಂದು ಬೆಳಿಗ್ಗೆ ಅಣ್ಣ ಮದ್ದೂರಿಗೆ ಬಂದ. ಮಳೆ ಜಡಿ ಹಿಡಿದು ಒಂದು ವಾರವಾಗಿತ್ತು. ತಲೆಯ ಮೇಲಿನ ಗೋಣಿಕೊಪ್ಪೆಯನ್ನು ಬಾಗಿಲಲ್ಲಿ ತೆಗೆದಿಟ್ಟು, ಕಾಫಿ ಕುಡಿದು, ಮೊದಲ ಸಲ ನನ್ನ ಕೊಟ್ಟಿಗೆಯ ಒಳಗೆ ಕಾಲಿಟ್ಟ. ಲೇತು ತಂದು ಆರು ವರ್ಷವಾಗಿದ್ದರೂ ಅದನ್ನು ಅವನು ಹತ್ತಿರದಿಂದ ನೋಡಿರಲಿಲ್ಲ. ಸುತ್ತಲೂ ನೋಡಿ, ಜೇಬಿನಿಂದ ಮಡಚಿದ ಒಂದು ಚೀಟಿ ತೆಗೆದ. ಲಗ್ನಪತ್ರಿಕೆಯ ಹಿಂದೆ ಪೆನ್ಸಿಲಿನಲ್ಲಿ ಬರೆದ ಚಿತ್ರ. ಬೆರಳುದ್ದದ ಒಂದು ಪಿನ್ನು, ಪಕ್ಕದಲ್ಲಿ ಅಳತೆ.

"ಇಂಥದೊಂದ್ ಮಾಡ್ಕೊಡಾಕ್ ಆಯ್ತದಾ ನಿಂಗೆ?"

"ಯಾವ್ದಕ್ಕಣ್ಣ?"

"ನಮ್ಮೂರ್ ಟಿಲ್ಲರ್‌ನೋನ್ಗೆ ಬೇಕಂತೆ. ಇಲ್ಲೆಲ್ಲೂ ಸಿಗಾಕಿಲ್ವಂತೆ. ನಮ್ ಭಾಗ್ಯ ಮಾಡ್ತಾಳೆ ಅಂದೆ."

ನಮ್ ಭಾಗ್ಯ ಮಾಡ್ತಾಳೆ. ನನಗೆ ಬೇರೇನೂ ಕೇಳಿಸಲಿಲ್ಲ. ಊರಿನವರ ಮುಂದೆ ತಲೆ ತಗ್ಗಿಸಬೇಕಾಯಿತು ಎಂದಿದ್ದವನು ಊರಿನವರ ಮುಂದೆ ನನ್ನ ಹೆಸರು ಹೇಳಿದ್ದಾನೆ. ಅವನನ್ನು ಸ್ಟೂಲಿನ ಮೇಲೆ ಕೂರಿಸಿ ಅವತ್ತೇ ಪಿನ್ನು ಮಾಡಿದೆ. ಮೊದಲನೆಯದು ಕೂದಲೆಳೆಯಷ್ಟು ಸಣ್ಣದಾಯಿತು ಅನ್ನಿಸಿ ಡಬ್ಬಿಗೆ ಹಾಕಿ ಇನ್ನೊಂದು ಮಾಡಿದೆ. ಅಣ್ಣ ಅಷ್ಟು ಹೊತ್ತೂ ನನ್ನ ಕೈಯನ್ನೇ ನೋಡುತ್ತಿದ್ದ. ಮುಗಿದ ಪೀಸು ಇನ್ನೂ ಬಿಸಿಯಾಗಿರುವಾಗಲೇ ಅಂಗೈಯಲ್ಲಿ ಹಿಡಿದು, "ಎಷ್ಟ್ ನುಣ್ಗದೆ ಕಣಮ್ಮಿ," ಅಂದ. ಹೋಗುವಾಗ ಚೀಟಿಯನ್ನು ಮರೆಯದೆ ತೆಗೆದುಕೊಂಡು ಹೋದ.

ಶ್ರಾವಣದಲ್ಲಿ ಇನ್ನೊಂದು ಚೀಟಿ ಬಂತು. ಈ ಸಲ ಸ್ಪ್ರಿಂಗ್ ಕೂರುವ ಒಂದು ಸಣ್ಣ ಗೂಡು. ನಾನು ಮಾಡುತ್ತಿರುವಾಗ ಪಕ್ಕದ ಮನೆಯವರು ಏನೋ ಕೇಳಲು ಬಂದರು. ಅಣ್ಣ ಎದ್ದು ಹೋಗಿ ಕೊಟ್ಟಿಗೆಯ ಬಾಗಿಲನ್ನು ಅರ್ಧ ಮುಚ್ಚಿ ಅದರ ಹಿಂದೆ ನಿಂತ. ಅವರು ಹೋದ ಮೇಲೆ, "ಯಾರ್ಗೂ ಇದ್ನೆಲ್ಲ ಯೋಳಾಕ್ ಓಗ್ಬ್ಯಾಡ. ಆಮ್ಯಾಕೆ ಎಲ್ರೂ ಪುಕ್ಸಟ್ಟೆ ಮಾಡ್ಕೊಡು ಅಂತ ಬತ್ತಾರೆ," ಎಂದ. ಅದು ನನಗೆ ತಮಾಷೆಯಾಗಿ ಕಂಡಿತು. ನಕ್ಕೆ. ಅವನು ನಗಲಿಲ್ಲ.

ಗೌರಿ ಹಬ್ಬಕ್ಕೆ ಬಾಗಿನ ತಂದ. ಪ್ರತಿ ವರ್ಷ ಬಸ್ಸಿನಲ್ಲಿ ಬರುವ ಯಾರ ಕೈಯಲ್ಲಾದರೂ ಕಳಿಸಿಬಿಡುತ್ತಿದ್ದವನು ಆ ಸಲ ತಾನೇ ಬಂದಿದ್ದ. ಮೊರದ ಬಾಗಿನ, ಅರಿಶಿನ ಕುಂಕುಮ, ಬಳೆ, ಹಸಿರು ಸೀರೆ ಎಲ್ಲ ತೆಗೆದಿಟ್ಟ ಮೇಲೆ ಚೀಲದ ತಳದಲ್ಲಿ ಪೇಪರಿನಲ್ಲಿ ಸುತ್ತಿದ ಒಂದು ಉಕ್ಕಿನ ತುಂಡು ಇತ್ತು. ಅದರ ಜೊತೆ ಚೀಟಿ. ನಾನು ಹಬ್ಬದ ದಿನ ಯಂತ್ರ ಮುಟ್ಟುವುದಿಲ್ಲ ಎಂದೆ. ಅವನು ಊಟ ಮಾಡಿ, ಸಂಜೆಯವರೆಗೆ ಕೂತು, "ನಾಳಿಕ್ ಮಾಡ್ಮಡಗು, ನಾಡಿದ್ದು ಬತ್ತೀನಿ," ಎಂದು ಎದ್ದ. ಹೇಳಿದ ದಿನವೇ ಬಂದು ತೆಗೆದುಕೊಂಡು ಹೋದ. ಪೂರಿಗಾಲಿ ಕಡೆಯಿಂದ ಮದ್ದೂರಿಗೆ ಎರಡು ಬಸ್ಸು ಬದಲಿಸಬೇಕು. ಮಳೆಯಲ್ಲಿ, ಒಂದು ಟಿಲ್ಲರಿನ ಪಿನ್ನಿಗೆ, ಯಾರದೋ ಟಿಲ್ಲರಿಗೆ, ಇಷ್ಟು ಸಲ ಬರುತ್ತಾನಲ್ಲ ಎಂದು ಒಂದು ಕ್ಷಣ ಅನ್ನಿಸಿತು. ಆ ಅನುಮಾನವನ್ನು ನಾನೇ ಒತ್ತಿ ಕೂರಿಸಿದೆ. ಅಣ್ಣ ಬರುತ್ತಿದ್ದಾನಲ್ಲ, ಅಷ್ಟು ಸಾಕಾಗಿತ್ತು.

ಹಬ್ಬವಾಗಿ ಹತ್ತು ದಿನಕ್ಕೆ ನೂರ್ ಸಾಬರು ಒಂದು ಟೂಲು ಕೇಳಿಕೊಂಡು ಬಂದರು. ನಾನು ಹುಡುಕುತ್ತಿದ್ದೆ. ಅವರು ಕಿಟಕಿಯ ಹತ್ತಿರವಿದ್ದ ಡಬ್ಬಿಯಲ್ಲಿ ಕೈಯಾಡಿಸುತ್ತಿದ್ದರು. ನಾನು ತಳ್ಳಿಹಾಕಿದ ಪೀಸುಗಳೆಲ್ಲ ಅದರಲ್ಲಿರುತ್ತಿದ್ದವು. ಸದ್ದು ನಿಂತಿತು. ತಿರುಗಿ ನೋಡಿದರೆ ಅಣ್ಣನ ಮೂರೂ ಕೆಲಸದ ತಳ್ಳಿದ ಪೀಸುಗಳನ್ನು ಅವರು ಅಂಗೈಯಲ್ಲಿ ಸಾಲಾಗಿ ಇಟ್ಟುಕೊಂಡಿದ್ದರು.

"ಇದ್ಯಾರ್ದು ಭಾಗ್ಯಮ್ಮ?"

"ನಮ್ಮಣ್ಣ ಮಾಡ್ಸಿದ್ದು ಸಾಬ್ರೆ. ಟಿಲ್ಲರ್‌ಗಂತೆ."

ಅವರು ಡಬ್ಬಿಯಲ್ಲೇ ಇದ್ದ ಒಂದು ಸ್ಪ್ರಿಂಗನ್ನು ಆರಿಸಿ, ಮೂರನ್ನೂ ಒಂದರೊಳಗೊಂದು ಕೂರಿಸಿ, ಹೆಬ್ಬೆರಳಲ್ಲಿ ಹಿಂದಕ್ಕೆ ಎಳೆದು ಬಿಟ್ಟರು. ಟಕ್ ಅಂತು. ಸಣ್ಣ ಸದ್ದು. ಆದರೆ ಆ ಸದ್ದು ಕೋವಿಯದಲ್ಲದೆ ಬೇರೆ ಯಾವುದರದೂ ಆಗಿರಲು ಸಾಧ್ಯವಿರಲಿಲ್ಲ.

"ಟಿಲ್ಲರ್ ಇಂಗೆ ಟಕ್ ಅನ್ನಲ್ಲಮ್ಮ," ಅಂದರು ಸಾಬರು. "ನಮ್ಮಪ್ಪನ ಕಾಲ್ದಲ್ಲಿ ಇಂಥ ಕೆಲ್ಸ ಕೇಳ್ಕೊಂಡ್ ಬರೋರು. ಕಾಡಿನ ಅಂಚಿನ ಊರೋರು. ಅಪ್ಪ ಮುಟ್ತಾ ಇರ್ಲಿಲ್ಲ." ಪೀಸುಗಳನ್ನು ಬಿಡಿಸಿ ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದರು. "ನಾನು ನೋಡಿಲ್ಲ ಬೇಟಿ. ಆದ್ರೆ ಈಗ ನೀನು ನೋಡಿದ್ದೀಯ."

ಟೂಲನ್ನು ತೆಗೆದುಕೊಳ್ಳದೆಯೇ ಹೊರಟು ಹೋದರು. ನಾನು ಆ ಮೂರು ತುಂಡುಗಳನ್ನು ಹಿಡಿದು ಲೇತಿನ ಮುಂದೆ ಎಷ್ಟೋ ಹೊತ್ತು ಕೂತಿದ್ದೆ. ಹೆಂಚಿನ ಮೇಲೆ ಮಳೆ ಬೀಳುತ್ತಲೇ ಇತ್ತು. ಮಾಡುವಾಗ ಪ್ರತಿಯೊಂದನ್ನೂ ಎಷ್ಟು ಪ್ರೀತಿಯಿಂದ ಮಾಡಿದ್ದೆ. ಶಂಕರನಿಗೆ ಹೇಳಬೇಕು ಎಂದುಕೊಂಡೆ. ಅವನು ಡ್ಯೂಟಿ ಮುಗಿಸಿ ಬಂದು ಊಟಕ್ಕೆ ಕೂತ. ನಾನು ಸಾರು ಬಡಿಸಿದೆ. ಹೇಳಲಿಲ್ಲ.

ಐದನೆಯ ದಿನ ಮಧ್ಯಾಹ್ನ ಅಣ್ಣ ಬಂದ. ಬೀದಿಯಲ್ಲಿ ಒಬ್ಬರೂ ಇರದಂಥ ಮಳೆ. ಕಂಕುಳಲ್ಲಿ ಗೊಬ್ಬರದ ಚೀಲದಲ್ಲಿ ಸುತ್ತಿದ ಉದ್ದನೆಯದೊಂದು ವಸ್ತು. ಮನೆಯೊಳಕ್ಕೆ ಬರದೆ ನೇರ ಕೊಟ್ಟಿಗೆಗೆ ಹೋಗಿ, ಅದನ್ನು ಲೇತಿನ ಮೇಲೆ ಮಲಗಿಸಿ, ಚೀಲ ಬಿಚ್ಚಿದ. ಕಬ್ಬಿಣದ ಪೈಪು.

"ಇದ್ರೊಳ್ಗೆ ಒಸಿ ನುಣ್ಗೆ ಮಾಡ್ಕೊಡವ್ವ. ಇದೊಂದೇ ಬಾಕಿ."

"ಇದ್ಯಾವ್ ಟಿಲ್ಲರ್‌ದಣ್ಣ?"

ಅವನು ನನ್ನ ಮುಖ ನೋಡಿದ. ಮುಖದಲ್ಲಿ ನಾಚಿಕೆಯೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಆಯಾಸವಿತ್ತು.

"ಗೊತ್ತಾಯ್ತಾ?"

"ನಂಗ್ಯಾಕ್ ಸುಳ್ ಯೋಳ್ದೆ?"

"ನಿಜ ಯೋಳಿದ್ರೆ ಮಾಡ್ಕೊಡ್ತಿದ್ಯಾ?"

"ಇಲ್ಲ."

"ಅದ್ಕೇಯ ಯೋಳ್ನಿಲ್ಲ." ಅವನು ಸ್ಟೂಲಿನ ಮೇಲೆ ಕೂತ. "ನಿಮ್ಮತ್ಗೆ ತೊಡೆ ಬ್ಯಾಂಡೇಜ್ ಬಿಚ್ದಾಗ ನೀನ್ ನೋಡಿದ್ಯಲ್ಲ. ಆ ಕ್ವಾರೆ ಅಲ್ಲಿಗ್ ಬಿತ್ತು. ಒಂದ್ ಗೇಣು ಮ್ಯಾಲಕ್ಕಾಗಿದ್ರೆ? ಇವತ್ಗೂ ಅವ್ಳು ಇತ್ಲಿಗ್ ಓಗ್ಬೇಕಂದ್ರೆ ನನ್ ಕರೀತಾಳೆ ಕಣಮ್ಮಿ. ನಲ್ವತ್ ದಾಟಿದ್ ಎಂಗ್ಸು, ಮಗೀನಂಗೆ. ನಾನ್ ಯಾರ್ನೂ ಸಾಯ್ಸಾಕ್ ಓಯ್ತಿಲ್ಲ. ಅಂದಿ. ಬರೀ ಅಂದಿ."

"ಅದು ಅಂದಿಗೇ ಬೀಳ್ತದೆ ಅಂತ ನಿಂಗ್ ಯಾರ್ ಯೋಳ್ದೋರು? ಕಬ್ಬಿನೊಳ್ಗೆ ಇನ್ಯಾರೋ ಹುಲ್ ಕುಯ್ತಾ ಇದ್ರೆ?"

ನಾನು ಪೈಪನ್ನು ಎತ್ತಿ ಬೆಳಕಿಗೆ ಹಿಡಿದು ಒಳಗೆ ನೋಡಿದೆ. ಬೇಡ ಬೇಡ ಎಂದರೂ ಕಣ್ಣು ತನ್ನ ಕೆಲಸ ಮಾಡಿತು. ಉದ್ದಕ್ಕೂ ಬೆಸುಗೆಯ ಗೆರೆ. ಒಳಗೆ ತುಕ್ಕು ತಿಂದ ಗುಳಿಗಳು. ಯಾವುದೋ ಹಳೆಯ ನೀರಿನ ಪೈಪು.

"ಇದು ತಡಿಯಾಕಿಲ್ಲ ಕಣಣ್ಣ. ಕೈಲಿ ಇಡ್ಕಂಡ್ ನಿಂತ್ಕಂಡೋನ್ ಮಕಕ್ಕೇ ಒಡೀತದೆ."

"ಅಂಗಾರೆ ತಡಿಯಂಥದ್ನ ನೀನೇ ಮಾಡ್ಕೊಡು."

"ನಾನ್ ಮಾಡಾಕಿಲ್ಲ."

"ನೀನ್ ಮಾಡ್ನಿಲ್ಲ ಅಂದ್ರೆ ಇನ್ಯಾರಾರ ಮಾಡ್ತಾರೆ."

"ಮಾಡೋರ್ ಮಾಡ್ಲಿ," ಅಂದೆ. "ನಾನ್ ಮಾತ್ರ ಮಾಡಾಕಿಲ್ಲ."

ಕೋರ್ಟಿನಲ್ಲಿ ನನ್ನನ್ನು ಎಷ್ಟೋ ಪ್ರಶ್ನೆ ಕೇಳಿದ್ದಾರೆ. ಈ ಒಂದು ಮಾತಿನ ಬಗ್ಗೆ ಯಾರೂ ಕೇಳಿಲ್ಲ. ಅವತ್ತು ಅದು ದೊಡ್ಡ ಧೈರ್ಯದ ಮಾತು ಅನ್ನಿಸಿತ್ತು. ನಾನು ನನ್ನ ಕೈ ತೊಳೆದುಕೊಂಡಿದ್ದೆ, ಅಷ್ಟೆ. ಆ ಮೂರು ಪೀಸುಗಳನ್ನು ವಾಪಸ್ ಕೊಡು ಎಂದು ಕೇಳಿದೆ. ಅವನು ಪೈಪನ್ನು ಚೀಲದಲ್ಲಿ ಸುತ್ತಿ, "ಅವು ನಂಗ್ ಬೇಕು," ಎಂದು ಹೇಳಿ, ಮಳೆಯಲ್ಲಿ ಇಳಿದು ಹೋದ. ಕಾಫಿ ಕುಡಿ ಎಂದು ಕೂಗಿದೆ. ತಿರುಗಿ ನೋಡಲಿಲ್ಲ.

ಅವತ್ತಿನಿಂದ ಫೋನು ಬಡಿದಾಗಲೆಲ್ಲ ತವರಿನವರದಾ ಎಂದು ಓಡಿ ಹೋಗಿ ಹೆಸರು ನೋಡತೊಡಗಿದೆ. ಆ ವರ್ಷ ಮಳೆಯೂ ಬಿಡಲೇ ಇಲ್ಲ. ಶಿಂಷೆ ಕೆಂಪಗೆ ಉಕ್ಕಿ ಹರಿಯುತ್ತಿತ್ತು. ಲೇತಿನ ಮೇಲೆ ಎಷ್ಟು ಎಣ್ಣೆ ಸವರಿದರೂ ಬೆಳಗಾಗುವುದರೊಳಗೆ ಕಂದು ಚುಕ್ಕೆ ಬಿದ್ದಿರುತ್ತಿತ್ತು. ಕೆಲಸದಲ್ಲಿ ಮನಸ್ಸು ನಿಲ್ಲದೆ ಒಂದು ದಿನ ಚಕ್ಕು ಬಿಗಿಯುವ ಕೀಲಿಯನ್ನು ಅದರಲ್ಲೇ ಬಿಟ್ಟು ಸ್ವಿಚ್ ಒತ್ತಿಬಿಟ್ಟೆ. ಅದು ನನ್ನ ಕಿವಿಯ ಪಕ್ಕದಲ್ಲೇ ಹಾರಿ ಹೋಗಿ ಹೆಂಚು ಒಡೆದುಕೊಂಡು ಹೊರಗೆ ಬಿತ್ತು. ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಮಾಡದ ತಪ್ಪು. ಯಂತ್ರ ಆರಿಸಿ ನೆಲದ ಮೇಲೆ ಕೂತುಬಿಟ್ಟೆ. ಆ ಹೊತ್ತಿಗೂ ಮನಸ್ಸಿನಲ್ಲಿ ಇದ್ದದ್ದು ಆ ಪೈಪಿನ ಒಳಗಿನ ಗುಳಿಗಳು.

ಪೊಲೀಸರಿಗೆ ಹೇಳಬಹುದಿತ್ತು. ಒಡಹುಟ್ಟಿದವನನ್ನು ಹಿಡಿದುಕೊಡುವುದು ಹೇಗೆ? ಶಂಕರನಿಗೆ ಹೇಳಿದ್ದರೆ ಅವನು ಹೋಗಿ ಜಗಳ ಮಾಡಿ ಕಿತ್ತುಕೊಂಡು ಬರುತ್ತಿದ್ದನೇನೋ. ಆದರೆ ಹೇಳುವುದೆಂದರೆ ಮಾಡಿದವಳು ನಾನು ಎಂಬುದರಿಂದಲೇ ಶುರುಮಾಡಬೇಕಿತ್ತು. ದಿನ ದಿನವೂ ನಾಳೆ ಎಂದುಕೊಂಡೆ.

ಮಾರ್ನಾಮಿಗೆ, ತೀರಿಕೊಂಡ ಅಪ್ಪ ಅವ್ವನಿಗೆ ಎಡೆ ಇಡುವ ದಿನ ತವರಿಗೆ ಹೋದೆ. ಹೋದ ಕೂಡಲೇ ಅಣ್ಣನ ಮುಖ ನೋಡಿದೆ. ಅವನು ಏನೂ ನಡೆದಿಲ್ಲವೆನ್ನುವಂತೆ, "ಬಾವ್ವ, ಬಾ," ಎಂದು ನನ್ನ ಕೈಯಲ್ಲಿದ್ದ ಚೀಲ ಇಸಿದುಕೊಂಡ. ಗೆಲುವಾಗಿದ್ದ. ಎಡೆಗೆ ಕೋಳಿ ತಾನೇ ಕುಯ್ದ. ಮಧ್ಯಾಹ್ನ ಅವನು ನೆಂಟರನ್ನು ಕರೆಯಲು ಹೊರಗೆ ಹೋದಾಗ ಅತ್ತಿಗೆ ಒಲೆಯ ಮುಂದೆ ಕಾಲು ನೀಡಿಕೊಂಡು ಕೂತು ಮುದ್ದೆಗೆ ಹಿಟ್ಟು ಕೂಡಿಸುತ್ತಿದ್ದಳು. ಸದ್ದು ತಗ್ಗಿಸಿ ಹೇಳಿದಳು.

"ನಿಮ್ಮಣ್ಣ ಈಗೀಗ ನಗ್ತಾರೆ ಕಣ್ ಭಾಗ್ಯ. ಅದೇ ನಂಗ್ ಬಯ."

"ಯಾಕತ್ಗೆ?"

"ಅಟ್ಟದ್ ಮ್ಯಾಲೆ ಏನೋ ತಂದ್ ಮಡಗವ್ರೆ. ಕೇಳಿದ್ರೆ ಸುಮ್ಕಿರು ಅಂತಾರೆ. ಈ ಕಾಲಲ್ಲಿ ನಾನ್ ಏಣಿ ಅತ್ತಾಕ್ ಆಗಾಕಿಲ್ಲ. ನೀನೊಸಿ ಅತ್ತಿ ನೋಡವ್ವ."

ಏಣಿ ಗೋಡೆಗೆ ಒರಗಿತ್ತು. ಎಂಟು ಮೆಟ್ಟಿಲು. ಮನೆಯಲ್ಲಿ ನಾವಿಬ್ಬರೇ. ಹತ್ತಿದ್ದರೆ, ತೆಗೆದುಕೊಂಡಿದ್ದರೆ, ಹೋಗುವ ದಾರಿಯಲ್ಲಿ ಕಾಲುವೆಗೆ ಎಸೆದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾನು ಏಣಿಯ ಹತ್ತಿರ ಹೋಗಿ ಕೈಯನ್ನೂ ಇಟ್ಟೆ. ಮೇಲೆ ನಾನು ಮಾಡಿದ ಕೆಲಸ ಇತ್ತು. ಅದನ್ನು ಅತ್ತಿಗೆಯ ಎದುರಿಗೆ ಕೆಳಗೆ ತಂದರೆ ಅವಳು ಕೇಳುವ ಮೊದಲ ಪ್ರಶ್ನೆ ಯಾವುದು ಅಂತ ಗೊತ್ತಿತ್ತು.

"ಏನೋ ಔಷ್ದಿ ಡಬ್ಬ ಇರ್ಬೇಕತ್ಗೆ. ಗದ್ದೆಗ್ ಒಡಿಯೋದು," ಎಂದು ಏಣಿಯಿಂದ ಕೈ ತೆಗೆದೆ.

ಅತ್ತಿಗೆ ನನ್ನನ್ನು ನಂಬಿದಳು. ಓದಿದವಳು ನಾನು.

ಆಯುಧಪೂಜೆಯ ದಿನ ಬೆಳಿಗ್ಗೆ ಮಳೆ ನಿಂತು ತಿಂಗಳುಗಳ ಮೇಲೆ ಬಿಸಿಲು ಬಂದಿತ್ತು. ಲೇತನ್ನು ಸೀಮೆಎಣ್ಣೆಯಲ್ಲಿ ಒರೆಸಿ, ವಿಭೂತಿ ಬಳಿದು, ಸೇವಂತಿಗೆ ಮಾಲೆ ಹಾಕಿದ್ದೆ. ಶಂಕರ ಅಂಗಳದಲ್ಲಿ ಸ್ಕೂಟರ್ ತೊಳೆದು ಬೂದುಗುಂಬಳಕ್ಕೆ ಕುಂಕುಮ ತುಂಬುತ್ತಿದ್ದ. ಫೋನು ಬಡಿಯಿತು. ಅತ್ತಿಗೆಯ ಹೆಸರು. ಎತ್ತುವ ಮುಂಚೆಯೇ ನನಗೆ ಗೊತ್ತಾಗಿತ್ತು.

"ಭಾಗ್ಯ... ನಿಮ್ಮಣ್ಣನ್ ಕೈ... ಬೆಳ್ಗೆ ಎಲ್ಡ್ ಊವ ಆಕಿ ಕೈ ಮುಗ್ದು, ಗದ್ದೆ ತಾವ ಓಗಿ ನೋಡ್ಕಬತ್ತೀನಿ ಅಂದ್ರು... ಬೇಗ್ ಬಾರವ್ವ..."

ಹಿಂದೆ ಗಂಡಸರ ಕೂಗಾಟ ಕೇಳಿಸುತ್ತಿತ್ತು. ಹಂದಿ ಬಂದಿರಲಿಲ್ಲವಂತೆ. ಸುಮ್ಮನೆ ಪರೀಕ್ಷೆಗೆ ಎಂದು ಗುಡ್ಡದ ಕಡೆ ಮುಖ ಮಾಡಿ ಹಾರಿಸಿದ್ದಾನೆ. ನಾನು ಹೇಳಿದ ಹಾಗೆಯೇ ಪೈಪು ಒಡೆದಿತ್ತು. ಮಂಡ್ಯದ ಆಸ್ಪತ್ರೆಗೆ ನಾವು ಹೋಗುವಷ್ಟರಲ್ಲಿ ಅವನನ್ನು ಒಳಗೆ ತೆಗೆದುಕೊಂಡು ಹೋಗಿದ್ದರು. ಎಡಗೈಯ ಮೂರು ಬೆರಳು ಹೋಗಿದ್ದವು. ಎಡಗಣ್ಣು ಉಳಿಸಲು ಆಗಲಿಲ್ಲ ಎಂದು ಸಂಜೆ ಹೇಳಿದರು. ಅತ್ತಿಗೆ ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡು ಬೆಂಚಿನ ಮೇಲೆ ಅಲುಗಾಡದೆ ಕೂತಿದ್ದಳು.

ಮೂರನೆಯ ದಿನ ಹೇಳಿಕೆ ಕೊಡಲು ಅತ್ತಿಗೆಯನ್ನು ಪೊಲೀಸ್ ಸ್ಟೇಷನ್ನಿಗೆ ಕರೆಸಿದರು. ಜೊತೆಗೆ ನಾನೂ ಶಂಕರನೂ ಹೋದೆವು. ಮೇಜಿನ ಮೇಲೆ ಪೇಪರು ಹಾಸಿ ಗದ್ದೆಯಲ್ಲಿ ಸಿಕ್ಕಿದ್ದನ್ನೆಲ್ಲ ಇಟ್ಟಿದ್ದರು. ಸೀಳಿ ಹರಡಿಕೊಂಡ ಪೈಪು, ಒಡೆದ ಮರದ ಹಿಡಿ, ಕಿತ್ತುಕೊಂಡ ಬೆಸುಗೆ. ಅದರ ಪಕ್ಕದಲ್ಲಿ ಮೂರು ಸಣ್ಣ ತುಂಡು. ಮಸಿ ಹಿಡಿದಿದ್ದವು, ಆದರೆ ಒಂದು ಗೀರೂ ಬಿದ್ದಿರಲಿಲ್ಲ.

"ಸಂತೇಲಿ ಯಾರೋ ಗುರ್ತಿಲ್ದೋನ್ ಹತ್ರ ತಗೊಂಡೆ ಅಂತಾರೆ ನಿಮ್ಮೆಜಮಾನ್ರು," ಎಂದು ಅತ್ತಿಗೆಗೆ ಹೇಳಿದ ಅಧಿಕಾರಿ, ಪೆನ್ನಿನ ತುದಿಯಿಂದ ಆ ತುಂಡುಗಳನ್ನು ತೋರಿಸಿದರು. "ನನಗ್ಯಾಕೋ ನಂಬಿಕೆ ಇಲ್ಲ. ಪೈಪ್ ಮಾಡ್ದೋನಿಗೆ ಕಸುಬು ಗೊತ್ತಿಲ್ಲ. ಇವನ್ನ ಮಾಡಿರೋರು ಬೇರೆ. ನೋಡಿ, ಎಷ್ಟು ಅಚ್ಚುಕಟ್ಟಾಗಿದೆ."

ನನ್ನ ಜೀವನದಲ್ಲಿ ನನ್ನ ಕೆಲಸವನ್ನು ಹೊಗಳಿದವರು ಕಡಿಮೆ. ಅಣ್ಣ ಅರಿವಳಿಕೆಯ ಮಂಪರಿನಲ್ಲೂ ನನ್ನ ಹೆಸರನ್ನು ಬಾಯಿಬಿಟ್ಟಿರಲಿಲ್ಲ. ಸುಮ್ಮನಿದ್ದರೆ ಆಗುತ್ತಿತ್ತು. ಶಂಕರನಿಗೂ ಆ ಹೊತ್ತಿಗೆ ಏನೋ ಹೊಳೆದಿರಬೇಕು. ಹಿಂದಿನಿಂದ ನನ್ನ ಮೊಣಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ.

"ಅವುನ್ನ ನಾನೇ ಮಾಡಿದ್ದು ಸಾರ್," ಎಂದೆ.

ಅತ್ತಿಗೆ ನಿಧಾನವಾಗಿ ನನ್ನ ಕಡೆ ತಿರುಗಿದಳು.

"ಔಷ್ದಿ ಡಬ್ಬ ಅಂದ್ಯಲ್ಲ ಭಾಗ್ಯ," ಅಂದಳು. ಅಷ್ಟೇ ಅಂದಳು.

ಮಾರನೆಯ ದಿನ ಲೇತನ್ನು ತೆಗೆದುಕೊಂಡು ಹೋಗಲು ಟೆಂಪೋ ಬಂತು. ಬೀದಿಯ ಜನವೆಲ್ಲ ಬಾಗಿಲಲ್ಲಿ ನಿಂತಿದ್ದರು. ಪೊಲೀಸರು ಅದನ್ನು ಎತ್ತಲು ಬಾರದೆ ಚಕ್ಕಿಗೆ ಹಗ್ಗ ಕಟ್ಟಿ ಎಳೆಯುತ್ತಿದ್ದಾಗ ಜನರ ನಡುವಿನಿಂದ ನೂರ್ ಸಾಬರು ಬಂದರು. "ಅಲ್ಲಿಗೆ ಕಟ್ಬ್ಯಾಡ್ರಪ್ಪ, ಜಖಂ ಆಯ್ತದೆ. ಅಡಿಲಿ ಹಿಡೀರಿ," ಎಂದು ತೋರಿಸಿ, ತಾವೂ ಒಂದು ಕಡೆ ಹೆಗಲು ಕೊಟ್ಟರು. ಟೆಂಪೋ ಹೋದ ಮೇಲೆ ನನ್ನ ಹತ್ತಿರ ಬಂದು ನಿಂತರು. ಆಮೇಲೆ ಅಂಗಡಿಗೆ ಹೋದರು. ನನಗೆ ಜಾಮೀನು ಸಿಕ್ಕಿದ ಮೇಲೆ ಕೆಲಸ ಕೊಟ್ಟವರೂ ಅವರೇ. ಈಗ ಅವರ ಅಂಗಡಿಯಲ್ಲಿ ಗೇಟು, ಕಿಟಕಿಗೆ ವೆಲ್ಡಿಂಗ್ ಮಾಡುತ್ತೇನೆ.

ಕಾರ್ತಿಕದಲ್ಲಿ ಅಣ್ಣನನ್ನು ಮನೆಗೆ ಕರೆತಂದರು. ಅವನ ಮೇಲೂ ಕೇಸು, ನನ್ನ ಮೇಲೂ ಕೇಸು. ಪೈಪು ಮಾಡಿಕೊಟ್ಟವನು ಯಾರು ಅಂತ ಅವನು ಇವತ್ತಿಗೂ ಹೇಳಿಲ್ಲ. ನೋಡಲು ಹೋಗಬೇಕೋ ಬೇಡವೋ ಎಂದು ಎಂಟು ದಿನ ಒದ್ದಾಡಿ ಕೊನೆಗೆ ಹೋದೆ. ಸೂರ್ಯ ಮುಳುಗುವ ಹೊತ್ತು. ಅವನು ಹಿತ್ತಲ ಜಗಲಿಯ ಮೇಲೆ ಕಂಬಕ್ಕೆ ಒರಗಿ ಕೂತಿದ್ದ. ಎದುರಿಗೆ ಹಿತ್ತಲು ದಾಟಿದರೆ ಕಬ್ಬು, ಆಳೆತ್ತರ ಬೆಳೆದು ನಿಂತಿತ್ತು. ಎಡಗೈ ಬಟ್ಟೆಯ ಗಂಟಾಗಿತ್ತು. ಉಳಿದ ಒಂದು ಕಣ್ಣಿನಿಂದ ನನ್ನನ್ನು ನೋಡಿ, "ಕೂತ್ಕೊ," ಎಂದ. ಅತ್ತಿಗೆ ಬಾಗಿಲ ಹತ್ತಿರ ನೀರಿನ ಚೊಂಬು ಇಟ್ಟು ಅಲ್ಲೇ ನಿಂತಳು. ಮಾತಾಡಿಸಲಿಲ್ಲ. ಒಳಗೆ ಹೋಗಲೂ ಇಲ್ಲ.

"ನಾನ್ ನಿನ್ನೆಸ್ರು ಯೋಳಿರ್ನಿಲ್ಲ," ಎಂದ ಅಣ್ಣ.

"ಗೊತ್ತು."

"ಮತ್ಯಾಕ್ ಯೋಳ್ಕಂಡೆ?"

"ನಾನೇ ಮಾಡಿದ್ನಲ್ಲಣ್ಣ."

ಅವನು ತಲೆಯಾಡಿಸಿದ. ಆಮೇಲೆ, ಮಳೆ ಬೆಳೆಯ ಬಗ್ಗೆ ಕೇಳುವಷ್ಟೇ ಸಹಜವಾಗಿ ಕೇಳಿದ.

"ಅವತ್ತು ಆ ಪೈಪ್ನ ನೀನ್ ಮಾಡ್ಕೊಟ್ಟಿದ್ರೆ ತಡೀತಿತ್ತಾ?"

ಇಲ್ಲ ಎನ್ನಬಹುದಿತ್ತು. ಹಾಗೆಂದರೆ ಅವನಿಗೂ ಹಗುರ, ನನಗೂ ಹಗುರ. ಬಾಗಿಲಲ್ಲಿ ಅತ್ತಿಗೆ ಉಸಿರು ಹಿಡಿದು ನಿಂತಿದ್ದು ಗೊತ್ತಾಗುತ್ತಿತ್ತು. ಅವಳಿಗೆ ಒಂದು ಸುಳ್ಳು ಹೇಳಿ ಆಗಿತ್ತು.

"ತಡೀತಿತ್ತು," ಎಂದೆ.

ಅಣ್ಣ ಕಣ್ಣನ್ನು ನನ್ನಿಂದ ತೆಗೆದು ಕಬ್ಬಿನ ಕಡೆ ಇಟ್ಟ. ಬೆಳಕು ಇಳಿಯುತ್ತಿತ್ತು. ಆಗ ಗದ್ದೆಯ ಒಳಗಿನಿಂದ, ಗುಡ್ಡದ ಅಂಚಿನ ಕಡೆಯಿಂದ, ಕಬ್ಬು ಮುರಿಯುವ ಸದ್ದು ಬಂತು. ಒಂದು, ಆಮೇಲೆ ಇನ್ನೊಂದು, ಆಮೇಲೆ ಬಿಡದೆ, ಹತ್ತಿರ ಹತ್ತಿರಕ್ಕೆ. ಮೂವರಿಗೂ ಕೇಳಿಸಿತು. ಅತ್ತಿಗೆ ಬಾಗಿಲ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಯಾರೂ ಏಳಲಿಲ್ಲ.